ನಡುಗುಡ್ಡದ ಮಣ್ಣು

ಮೂಡಣಕ್ಕೆ ಮುಖ ಮಾಡಿದ ಒಂದು ಗುಡ್ಡ. ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ. ಅದರ ಮಗ್ಗುಲಿಗೆ ಗುರು ನಿರಂಜನಯ್ಯನವರ ಆಶ್ರಮ.

ಆಶ್ರಮದಲ್ಲಿ ದ್ರಾಕ್ಷಾಸವ ಮಾಡುತ್ತಿದ್ದರು. ನೆತ್ತಿಯ ತೋಟದ ಹಣ್ಣಿಗೆ ಒಂದು ಜಾಡಿ, ನಡುವಿನ ತೋಟದ್ದಕ್ಕೆ ಒಂದು, ಅಡಿಯ ತೋಟದ್ದಕ್ಕೆ ಇನ್ನೊಂದು. ಒಂದರೊಳಗೆ ಇನ್ನೊಂದನ್ನು ಬೆರೆಸುವಂತಿರಲಿಲ್ಲ. ಆಸವ ಹದಕ್ಕೆ ಬಂದ ದಿನ ಊರವರೆಲ್ಲ ಆಶ್ರಮದ ಅಂಗಳದಲ್ಲಿ ಸೇರುವರು. ಗುರುಗಳು ಒಂದೊಂದರ ರುಚಿ ನೋಡಿ, ಯಾವುದು ಮೊದಲು, ಯಾವುದು ಕಡೆ ಎಂದು ಹೇಳುವರು. ಮೊದಲನೆಯ ಜಾಡಿಯಿಂದ ಎಲ್ಲರ ಅಂಗೈಗೂ ತುಸು ಬೀಳುತ್ತಿತ್ತು. ಉಳಿದದ್ದನ್ನು ದೂರದೂರದ ವೈದ್ಯರು ಕಾದು ಕೊಂಡೊಯ್ಯುತ್ತಿದ್ದರು.

ಪ್ರತಿ ವರ್ಷವೂ ನಡುವಿನ ರಾಚಯ್ಯನ ತೋಟವೇ ಮೊದಲು. ಅಡಿಯ ಬಾಳಪ್ಪನ ತೋಟವೇ ಕಡೆ.

ಆಶ್ರಮದ ಶಿಷ್ಯ ಸೋಮಲಿಂಗ ಈ ಬಾಳಪ್ಪನ ಮಗ.

ಒಮ್ಮೆ ಅವನು ಕೇಳಿದ. "ಗುರುಗಳೇ, ಬಳ್ಳಿ ಒಂದೇ ಜಾತಿಯದು. ದುಡಿಮೆಯಲ್ಲೂ ಅಪ್ಪ ಯಾರಿಗೂ ಕಡಿಮೆಯಿಲ್ಲ. ಆದರೂ ಅವನ ಹಣ್ಣು ಯಾಕೆ ಕಡೆ?"

ಗುರುಗಳು ಒಂದು ಚೊಂಬು ನೀರನ್ನು ಇಳಿಜಾರಿನ ಮೇಲೆ ಸುರಿದರು. ನೀರು ಮೇಲೆ ನಿಲ್ಲಲಿಲ್ಲ. ನಡುವನ್ನು ನೆನೆಸಿ ಮುಂದೆ ಹೋಯಿತು. ಕೆಳಗಿಳಿದು ಕೆಸರಾಗಿ ಕೂತಿತು.

"ಮೇಲೆ ಗಾಳಿ, ಬರೀ ಕಲ್ಲು. ಕೆಳಗೆ ತೇವ, ಇಬ್ಬನಿ. ನಡುವೆ ಬಳ್ಳಿಗೆ ಬೇಕಾದಷ್ಟೇ ಬಾಯಾರಿಕೆ."

"ಇದು ಅನ್ಯಾಯ, ಗುರುಗಳೇ."

"ಇಳಿಜಾರು," ಎಂದರು ಗುರುಗಳು.

ಆ ಗುಡ್ಡದಲ್ಲಿ ಒಂದು ಪದ್ಧತಿಯಿತ್ತು. ಮಳೆಗೆ ನಡುವಿನ ತೋಟದ ಮಣ್ಣು ಕೊಚ್ಚಿಕೊಂಡು ಅಡಿಗೆ ಬರುತ್ತಿತ್ತು. ಮಳೆಗಾಲ ಕಳೆದ ಮೇಲೆ ಅಡಿಯವರು ಅದನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ನಡುವಿಗೆ ಏರಿಸಬೇಕು. ಬಾಳಪ್ಪನ ಅಜ್ಜ ಹೊತ್ತಿದ್ದ, ಅಪ್ಪ ಹೊತ್ತಿದ್ದ. ಈಗ ಬಾಳಪ್ಪ ಹೊರುತ್ತಿದ್ದ.

"ಏನ್ಲೇ ಬಾಳಪ್ಪ, ನನ್ನ ತ್ವಾಟ ನಿನ್ನ ತಲಿ ಮ್ಯಾಲೆ ಕುಂತೈತಲ್ಲೋ!" ಎಂದು ರಾಚಯ್ಯ ಬದುವಿನ ಮೇಲೆ ನಿಂತು ನಗುತ್ತಿದ್ದ.

"ಅದಕ್ಕ ನೋಡ್ರಿ, ಒಂದ್ ಕೂದ್ಲಾನೂ ಉಳದಿಲ್ಲ!" ಎಂದು ಬಾಳಪ್ಪನೂ ನಗುತ್ತಿದ್ದ.

ಸೋಮಲಿಂಗನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅಪ್ಪನ ನಗು ಕೇಳಿದಾಗಲೆಲ್ಲ ಅವನು ಆಶ್ರಮದ ಕಡೆಗೆ ತಿರುಗಿ ನಡೆದುಬಿಡುತ್ತಿದ್ದ.

ಒಂದು ವರ್ಷ ಜ್ವರ ಹಿಡಿದು ಗುರುಗಳ ಬಾಯಿರುಚಿ ಹೋಯಿತು. ಜ್ವರ ಬಿಟ್ಟರೂ ರುಚಿ ಮರಳಲಿಲ್ಲ. ರುಚಿ ನೋಡುವ ಬಟ್ಟಲನ್ನು ಸೋಮಲಿಂಗನ ಕೈಗಿತ್ತು, "ಇನ್ನು ನೀನು ಹೇಳು," ಎಂದರು.

ಸೋಮಲಿಂಗ ಮೂರೂ ಜಾಡಿಗಳ ರುಚಿ ನೋಡಿದ. ನೆತ್ತಿಯದು ಒಗರು. ನಡುವಿನದು ನಾಲಿಗೆ ಬಿಟ್ಟು ಹೋಗಲು ಒಲ್ಲೆನ್ನುವಂತಿತ್ತು. ಅಡಿಯದು ನೀರು ನೀರು. ಅವನಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಅಪ್ಪ ಅಂಗಳದ ಕೊನೆಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಕೂತಿದ್ದ.

"ಅಡಿಯ ತೋಟ ಮೊದಲು," ಎಂದ ಸೋಮಲಿಂಗ.

ರಾಚಯ್ಯ ರುಮಾಲು ಕೊಡವಿಕೊಂಡು ಎದ್ದು ನಡೆದ. ಆಶ್ರಮದವರು ಅಡಿಯ ಜಾಡಿಯನ್ನು ತಂದು ಎಲ್ಲರ ಅಂಗೈಗೆ ಹನಿಸುತ್ತ ಬಂದರು.

ಕೊನೆಗೆ ಕೂತಿದ್ದ ಬಾಳಪ್ಪನ ಕಿವಿಗೆ ಮಗನ ಮಾತು ಬಿದ್ದಿರಲಿಲ್ಲ; ಎಂದಿನಂತೆ ಕಣ್ಣು ಮುಚ್ಚಿ ನೆಕ್ಕಿದ. ಕಣ್ಣು ತೆರೆದ.

"ನಡುವಿಂದು ಕೊಡ್ಲಿಲ್ಲೇನು ಈ ಸಲ?"

"ಇದು ನಿನ್ನದಪ್ಪಾ. ನಿನ್ನದೇ ಮೊದಲು," ಎಂದ ಸೋಮಲಿಂಗ, ಹತ್ತಿರ ಬಂದು.

"ನಂದು ಇಷ್ಟೇನು?"

ಬಾಳಪ್ಪ ಮಗನ ಮುಖವನ್ನೇ ನೋಡಿ ಕೈ ಮುಗಿದ. "ಆತ್ರಿ, ಸ್ವಾಮೇರ," ಎಂದ.

ಹುಟ್ಟಿದಂದಿನಿಂದ 'ಮಗಾ' ಎಂದಿದ್ದ ಬಾಯಿ ಅದು.

ಮುಂದಿನ ಮಳೆಗಾಲ ಮುಗಿಯಿತು. ಅಡಿಯಲ್ಲಿ ಬಿದ್ದ ಮಣ್ಣು ಬಿದ್ದಲ್ಲೇ ಇತ್ತು.

"ಅಪ್ಪಾ, ಮಣ್ಣು ಏರಿಸಲಿಲ್ಲವೇ?"

"ಮೊದಲ್ನೇ ತ್ವಾಟದಾಂವ ಎರಡ್ನೇ ತ್ವಾಟಕ್ಕ ಮಣ್ಣು ಹೊರತಾನೇನ್ರಿ?"

ಅತ್ತ ರಾಚಯ್ಯ, "ಅಡಿಯವರ ಒಂದು ಹಿಡಿ ಮಣ್ಣೂ ನನ್ನ ಬದು ದಾಟಕೂಡದು," ಎಂದು ಹಟ ಹಿಡಿದಿದ್ದ.

ಸೋಮಲಿಂಗ ಗುರುಗಳ ಬಳಿಗೆ ಹೋದ. "ಅಪ್ಪನಿಗೆ ಮೊದಲ ಸ್ಥಾನ ಕೊಟ್ಟೆ. ಅವನ ಮನೆಯಿಂದ ಏನೋ ಕದ್ದವನನ್ನು ನೋಡುವಂತೆ ನನ್ನನ್ನು ನೋಡುತ್ತಾನೆ."

ಗುರುಗಳು ಅವನನ್ನು ನಡುವಿನ ತೋಟಕ್ಕೆ ಕರೆದೊಯ್ದು, "ಕೈಯಿಂದ ಅಗೆ," ಎಂದರು.

ಗೇಣುದ್ದ ಅಗೆಯುವಷ್ಟರಲ್ಲಿ ಬಂಡೆ ಸಿಕ್ಕಿತು. ಬಳ್ಳಿಯ ಬೇರುಗಳು ಬಂಡೆಯ ಮೇಲೆ ಬತ್ತಲೆ ಹರಡಿದ್ದವು.

"ಇಲ್ಲಿದ್ದ ಮಣ್ಣು ಯಾರದು?"

"ರಾಚಯ್ಯನದು."

ಗುರುಗಳು ಇಳಿಜಾರಿನ ಕೆಳಗೆ, ಅಡಿಯ ತೋಟದತ್ತ ನೋಡಿದರು.

ಸೋಮಲಿಂಗ ಬೆರಳಿಗಂಟಿದ ಮಣ್ಣನ್ನು ನೋಡುತ್ತ ಕೂತ. "ಅಪ್ಪ ಹೊತ್ತದ್ದು," ಎಂದ.

"ವರ್ಷಾ ವರ್ಷಾ ನಡುವಿನ ಆಸವ ಅಂಗೈಗೆ ಬಿದ್ದಾಗ ನಿನ್ನಪ್ಪ ಕಣ್ಣು ಮುಚ್ಚುತ್ತಿದ್ದ. ನೀನು ಅಲ್ಲೇ ಇರುತ್ತಿದ್ದೆ."

"ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ, ಗುರುಗಳೇ. ಸುಳ್ಳು ಹೇಳಿದೆ ಎನ್ನುತ್ತೇನೆ."

"ಒಪ್ಪಿಕೋ. ಅವನ ತೋಟ ಕಡೆಯದು ಎಂದು ನಿನ್ನ ಬಾಯಿಂದಲೂ ಕೇಳಲಿ."

ಹಾಗೆಂದರೆ ಅಪ್ಪ ಇನ್ನೊಮ್ಮೆ ನೋಯುತ್ತಾನೆ ಎಂದು ತಿಳಿದು ಸೋಮಲಿಂಗ ತಲೆ ತಗ್ಗಿಸಿದ. ನೇರ ರಾಚಯ್ಯನ ಮನೆಗೆ ಹೋಗಿ ಕಾಲು ಹಿಡಿದು, ಮಣ್ಣು ಹಾಕಲು ಒಪ್ಪಿಸಿದ. ಆಮೇಲೆ ಅಪ್ಪನನ್ನು ಕರೆದ.

"ಬಾರಪ್ಪಾ, ಇಬ್ಬರೂ ಹೊರೋಣ."

"ಕುತ್ತಿಗಿ ಒಲ್ಲೆ ಅಂತೈತ್ರಿ," ಎಂದ ಬಾಳಪ್ಪ. ಮಗನಿಗೆ ಮಣೆ ಹಾಕಿ, ಕುಡಿಯಲು ನೀರು ಕೊಟ್ಟ. ಮನೆಗೆ ಬಂದ ಸ್ವಾಮಿಗಳಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟ.

ಸೋಮಲಿಂಗ ಒಬ್ಬನೇ ಹೊತ್ತ. ಎಲ್ಲಿ ಸುರಿಯಬೇಕು, ಎಲ್ಲಿ ತುಳಿಯಬೇಕು ಎಂಬುದು ಅವನಿಗೆ ತಿಳಿಯದು. ಒಂದು ಅಕಾಲದ ಮಳೆ ಬಂದು, ಹಾಕಿದ್ದೆಲ್ಲ ಇಳಿದುಹೋಯಿತು.

ಆಸವದ ದಿನ ಮತ್ತೆ ಬಂತು. ರಾಚಯ್ಯ ಬಂದ, ಬಾಳಪ್ಪನೂ ಬಂದ. ಸೋಮಲಿಂಗ ನಡುವಿನ ಜಾಡಿಯ ರುಚಿ ನೋಡಿದ. ಮತ್ತೊಮ್ಮೆ ನೋಡಿದ. ಈ ಸಲ ಅದು ನಾಲಿಗೆಯ ಮೇಲೆ ನಿಲ್ಲಲಿಲ್ಲ. ಬಟ್ಟಲು ಕೆಳಗಿಟ್ಟ.

"ಯಾವುದು ಮೊದಲು?" ಎಂದರು ಗುರುಗಳು.

"ಯಾವುದೂ ಅಲ್ಲ, ಗುರುಗಳೇ."

ರೂಢಿಯಂತೆ ಅಂಗೈ ಚಾಚಿದ್ದ ಬಾಳಪ್ಪ ಅದನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ. ಸೋಮಲಿಂಗ ಅದನ್ನು ನೋಡಿದ. ಅವನ ಕಣ್ಣಿಂದ ನೀರು ಇಳಿಯಿತು.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ನಾಲಿಗೆ ಪಳಗಿತು, ಮಗು. ಗುರುದಕ್ಷಿಣೆ ನಿನ್ನಪ್ಪ ಕೊಟ್ಟ, ತನ್ನ ಅಂಗೈಯ ಹನಿಯನ್ನೇ."