ಗಾಯ ಬಿಸಿಯೇರಿ ಮತ್ತೆ ತಣಿಯುವುದೇಕೆ

ಭೂಮಿಯ ಮೇಲೆ ಮುಳ್ಳುಗಳು ಆಗ ತಾನೇ ಮೊನಚಾಗಿದ್ದವು. ಮನುಷ್ಯರ ಮೈ ಇನ್ನೂ ಹೊಚ್ಚಹೊಸದು. ಗಾಯ ಅಂದರೇನು ಅಂತ ಯಾರಿಗೂ ಗೊತ್ತಿರಲಿಲ್ಲ.

ಆಗ ತುಂಗಿ ಎಂಬ ಹುಡುಗಿಯ ಮೈಯೊಳಗೆ ಬೆಳ್ಳಕ್ಕ ಎಂಬ ಕಾವಲುಗಾತಿ ಇದ್ದಳು. ಕಣ್ಣಿಗೆ ಕಾಣದಷ್ಟು ಚಿಕ್ಕವಳು. ಎದೆಗೂಡಿನ ಪುಟ್ಟ ಮನೆಯಲ್ಲಿ ಅವಳು ಕಲಿತಿದ್ದು ಒಂದೇ ಪಾಠ: ನಮ್ಮವರು ಯಾರು, ಹೊರಗಿನವರು ಯಾರು. ಪಾಠ ಮುಗಿಸಿ, ಅಕ್ಕತಂಗಿಯರ ಜೊತೆ ಕಂಕುಳಿನ ಕಾವಲುಮನೆಯಲ್ಲಿ ಸುಖವಾಗಿ ಮಲಗಿದ್ದಳು.

ಒಂದು ದಿನ ತುಂಗಿ ಕಾರೆಹಣ್ಣು ಕೀಳುವಾಗ ಬೆರಳಿಗೆ ಮುಳ್ಳು ಚುಚ್ಚಿತು. ಆ ತೂತಿನಿಂದ ಕ್ರಿಮಿಗಳು ದಂಡುದಂಡಾಗಿ ಒಳನುಗ್ಗಿದವು.

ಬೆರಳಿನಲ್ಲಿ ಗಸ್ತು ತಿರುಗುತ್ತಿದ್ದ ನೂರುಗೈ ಅಜ್ಜಿ ಎಂಬ ಮುದಿ ಕಾವಲುಗಾತಿ ಅದನ್ನು ಕಂಡಳು. "ಏಳ್ರೇ! ಏಳ್ರೇ!" ಎಂದು ಕೂಗಿದಳು. ಕೂಗು ಮಣಿಕಟ್ಟನ್ನೂ ದಾಟಲಿಲ್ಲ.

ಪಕ್ಕದಲ್ಲೇ ಮೈಯ ಹೊಳೆ ಹರಿಯುತ್ತಿತ್ತು. "ಹೊಳೆಯವ್ವಾ, ನನ್ನ ಕೂಗನ್ನ ಹೊತ್ಕೊಂಡು ಹೋಗ್ತೀಯಾ?"

"ಬೆಲ್ಲ ಕರಗಿಸಿದ ಹಾಗೆ ನನ್ನಲ್ಲಿ ಕರಗಿಸು, ಅಜ್ಜಿ. ಹರಿದಲ್ಲೆಲ್ಲ ಮುಟ್ಟಿಸ್ತೀನಿ," ಎಂದಿತು ಹೊಳೆ.

ಅಜ್ಜಿ ಕೂಗನ್ನು ಕರಗಿಸಿದಳು. ಆ ನೀರು ಸೋಕಿದ್ದೇ ತಡ, ಬೆಳ್ಳಕ್ಕ ದಡಕ್ಕನೆ ಎದ್ದಳು. ಅವಳ ಮೈತುಂಬ ಕಿವಿ ಮೊಳೆತವು. ಕೇಳಿದಷ್ಟೂ ಕಿವಿ ಹೆಚ್ಚಿದವು, ಕಿವಿ ಹೆಚ್ಚಿದಷ್ಟೂ ಕೂಗು ಜೋರಾಯಿತು. ಒಬ್ಬಳು ಇಬ್ಬರಾದಳು, ಇಬ್ಬರು ನಾಲ್ವರಾದರು. ಎಲ್ಲರೂ ಬೆರಳಿನತ್ತ ಓಡಿದರು.

ಎಂಥ ಕಾಳಗ! ಬೆರಳು ಕೆಂಪಾಯಿತು, ಊದಿತು. "ಅವ್ವಾ, ಸುಡ್ತದೆ!" ಎಂದು ತುಂಗಿ ಅತ್ತಳು. ಕೊನೆಗೆ ಒಂದು ಕ್ರಿಮಿಯೂ ಉಳಿಯಲಿಲ್ಲ.

ಆದರೆ ಕೂಗು ಇನ್ನೂ ನೀರಿನಲ್ಲೇ ಇತ್ತು. ಕಾವಲುಗಾತಿಯರು ಸಿಕ್ಕವರನ್ನೆಲ್ಲ ಬಡಿಯತೊಡಗಿದರು. ಬೆಳ್ಳಕ್ಕನೂ ಕೈ ಎತ್ತಿದಳು.

"ಅಕ್ಕಾ, ಹೊಡೀಬೇಡ! ನಾನು ಚರ್ಮದ ಮನೆಯವಳು, ನಿನ್ನವಳೇ!"

ಬೆಳ್ಳಕ್ಕ ಕೈ ಹಿಂತೆಗೆದಳು. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯಲ್ಲ! "ನಿಲ್ರೇ, ನಮ್ಮವರು ಇವರು!" ಎಂದು ಚೀರಿದಳು. ಯಾರ ಕಿವಿಗೂ ಬೀಳಲಿಲ್ಲ.

"ಹೊಳೆಯವ್ವಾ, ಆ ಕೂಗನ್ನ ಹೆಕ್ಕಿ ತೆಗೆ!"

"ಹೆಕ್ಕೋಕೆ ನನಗೇನಿದೆ ಮಗಳೇ? ಕೂಗು ಹಿಡಿಯೋ ಕಿವಿ ಇರೋದು ನಿಮಗೇ."

ಬೆಳ್ಳಕ್ಕ ಹಲ್ಲು ಕಚ್ಚಿ ತನ್ನ ಕಿವಿಯೊಂದನ್ನು ಕಿತ್ತು ಹೊಳೆಗೆ ಬಿಟ್ಟಳು. ಪ್ರಾಣ ಹೋದಷ್ಟು ನೋವು. ಮತ್ತೊಂದು ಕಿತ್ತಳು. ಇನ್ನೊಂದು ಕಿತ್ತಳು. ತೇಲುವ ಕಿವಿಗಳು ನೀರಿನಲ್ಲಿದ್ದ ಕೂಗನ್ನು ಗಟಗಟನೆ ಹೀರಿಕೊಂಡವು. ಹೊಳೆ ಮೆಲ್ಲಗೆ ತಿಳಿಯಾಯಿತು.

ಆ ತಿಳಿನೀರಿನಲ್ಲಿ ಬೆಳ್ಳಕ್ಕ ತನ್ನದೇ ಮಾತೊಂದನ್ನು ಕರಗಿಸಿದಳು: "ಸಾಕು."

ಸಾಕು, ಸಾಕು, ಎನ್ನುತ್ತ ಹೊಳೆ ತಣ್ಣಗೆ ಹರಿಯಿತು. ಅದು ಸೋಕಿದವರ ಕಿವಿಗಳು ಮಡಚಿಕೊಂಡವು. ಎತ್ತಿದ ಕೈಗಳು ಇಳಿದವು.

"ಗೆದ್ವಿ ಕಣ್ರೇ!" ಎಂದಳು ಬೆಳ್ಳಕ್ಕ. ಆಗಲೇ ಅವರಿಗೆಲ್ಲ ಗೆದ್ದದ್ದು ಗೊತ್ತಾಯಿತು. ಕೇಕೆ ಹಾಕಿದರು, ಕುಣಿದರು. ಚರ್ಮದ ಮನೆಯವಳೂ ಬಂದು ಬೆಳ್ಳಕ್ಕನನ್ನು ತಬ್ಬಿಕೊಂಡಳು. ನೂರುಗೈ ಅಜ್ಜಿಯಂತೂ ನೂರು ಕೈಯಲ್ಲೂ ಚಪ್ಪಾಳೆ ತಟ್ಟಿದಳು! ಅತ್ತ ತುಂಗಿ ಬೆರಳು ಮಡಚಿ, ಬಿಡಿಸಿ, "ಅವ್ವಾ, ಹೋಯ್ತು ನೋವು!" ಎಂದು ನಕ್ಕಳು.

ಅದಕ್ಕೇ ಮರಿ, ಇವತ್ತಿಗೂ ನಿನ್ನ ಮೊಣಕಾಲು ತರಚಿದರೆ ಮೊದಲು ಕೆಂಪಗೆ ಬಿಸಿಯಾಗಿ ಊದುತ್ತದೆ, ಆಮೇಲೆ ತಣ್ಣಗಾಗಿ ತಾನಾಗಿಯೇ ಇಳಿಯುತ್ತದೆ.