ವಕೀಲ ಕೇಳದೆ ಬಿಟ್ಟ ಪ್ರಶ್ನೆ

“ಗುರುಗಳೇ, ಒಬ್ಬರು ಸುಳ್ಳು ಹೇಳಿದ್ದಾರೆ. ಅದಕ್ಕೆ ಪುರಾವೆ ನನ್ನ ಕೈಯಲ್ಲಿದೆ. ನಾಳೆ ಎಲ್ಲರ ಮುಂದೆ ಇಟ್ಟುಬಿಡಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ವಕೀಲನಿದ್ದ. ಕಂಪನಿಗಳ ವ್ಯಾಜ್ಯ, ಷೇರುಗಳ ತಕರಾರು, ಪಾಲುದಾರರ ಜಗಳ, ಇವೇ ಅವನ ಕೆಲಸ. ಕೊಲೆ, ಕಳವಿನ ಮೊಕದ್ದಮೆಗಳನ್ನು ಮುಟ್ಟುತ್ತಿರಲಿಲ್ಲ. ತಾನು ಬಡಿದಾಡುವುದು ಬರೀ ಕಾಗದಗಳ ಜೊತೆ, ಅದರಿಂದ ಯಾರಿಗೂ ನೋವಾಗುವುದಿಲ್ಲ ಎಂದು ಅವನು ನಂಬಿದ್ದ.

ವೃತ್ತಿಗೆ ಬಂದ ಹತ್ತನೆಯ ವರ್ಷ, ಷೇರು ದಲ್ಲಾಳಿಯೊಬ್ಬನ ಗುಮಾಸ್ತ ಅವನೆದುರು ಸಾಕ್ಷಿ ಹೇಳಲು ನಿಂತ. ಯಜಮಾನನನ್ನು ಉಳಿಸಲು ಗುಮಾಸ್ತ ಸುಳ್ಳು ಹೇಳಿದ್ದ. ವಕೀಲ ಪಾಟೀಸವಾಲು ಶುರು ಮಾಡಿದ. ಒಂದೊಂದೇ ಕಾಗದ ತೆಗೆದು ಮುಂದಿಟ್ಟ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಕಟಕಟೆ ಹಿಡಿದುಕೊಂಡು ಅಳುತ್ತಿದ್ದ. ನೋಡಲು ಬಂದವರು ನಕ್ಕರು. ವಕೀಲ ಗೆದ್ದ. ಅಂದಿನಿಂದ ದೊಡ್ಡ ದೊಡ್ಡ ಕಂಪನಿಗಳು ಅವನನ್ನು ಹುಡುಕಿಕೊಂಡು ಬಂದವು.

ಕೆಲವು ವರ್ಷಗಳ ಮೇಲೆ ವಕೀಲ ಆ ಗುಮಾಸ್ತನನ್ನು ಒಂದು ಬಟ್ಟೆಯಂಗಡಿಯಲ್ಲಿ ಕಂಡ. ಅವನು ಮಗಳಿಗೆ ಲಂಗ ಆರಿಸುತ್ತಿದ್ದ. ವಕೀಲನನ್ನು ನೋಡಿದೊಡನೆ ಅವನ ಮುಖ ಬಿಳಿಚಿಕೊಂಡಿತು. ಆರಿಸಿದ್ದನ್ನು ಅಲ್ಲೇ ಬಿಟ್ಟು ಮಗಳ ಕೈ ಹಿಡಿದು ಹೊರಟುಹೋದ. “ಯಾಕಪ್ಪಾ? ಯಾಕೆ?” ಎಂದು ಮಗಳು ಕೇಳುತ್ತಲೇ ಹೋದಳು.

ಅಂದು ರಾತ್ರಿ ವಕೀಲ ಆ ಹಳೆಯ ಮೊಕದ್ದಮೆಯ ಕಾಗದಗಳನ್ನು ತೆಗೆದು ಮತ್ತೆ ಓದಿದ.

ಮತ್ತೆ ಎಷ್ಟೋ ವರ್ಷ ಕಳೆದವು. ಇಬ್ಬರು ಗೆಳೆಯರು ಸೇರಿ ಪಂಪು ತಯಾರಿಸುವ ಕಂಪನಿ ಕಟ್ಟಿದ್ದರು. ಅವರಲ್ಲಿ ಒಬ್ಬ ತೀರಿಕೊಂಡ. ಅವನು ಸಾಯುವ ಮುಂಚೆ ತನ್ನ ಷೇರುಗಳನ್ನೆಲ್ಲ ನನಗೆ ಬರೆದುಕೊಟ್ಟಿದ್ದಾನೆ ಎಂದು ಇನ್ನೊಬ್ಬ ಒಂದು ಪತ್ರ ತೋರಿಸಿದ. ಸತ್ತವನ ಮಗಳು ಅದನ್ನು ನಂಬಲಿಲ್ಲ. ವಕೀಲನ ಬಳಿ ಬಂದಳು.

ಆ ಪತ್ರಕ್ಕೆ ಸಾಕ್ಷಿ ಹಾಕಿದ್ದವನು ಕಂಪನಿಯ ಹಳೆಯ ಟೈಪಿಸ್ಟ್, ಧರಣಪ್ಪ. ತೀರಿಕೊಂಡ ಯಜಮಾನರು ನನ್ನ ಕಣ್ಣೆದುರೇ ಸಹಿ ಮಾಡಿದರು ಎಂದು ಅವನು ಕೋರ್ಟಿಗೆ ಬರೆದುಕೊಟ್ಟಿದ್ದ. ವಕೀಲ ವಿಚಾರಿಸಿದ. ಪತ್ರದಲ್ಲಿದ್ದ ತಾರೀಖಿನಂದು ಧರಣಪ್ಪ ಊರಿನಲ್ಲೇ ಇರಲಿಲ್ಲ. ದೂರದ ಆಸ್ಪತ್ರೆಯಲ್ಲಿ ಅವನ ಹೆಂಡತಿಗೆ ಹೃದಯದ ಆಪರೇಷನ್ ನಡೆದಿತ್ತು. ಬೆಳಿಗ್ಗೆ ಅದಕ್ಕೆ ಒಪ್ಪಿ ಸಹಿ ಹಾಕಿದವನೂ ಅವನೇ. ಆ ಒಪ್ಪಿಗೆ ಪತ್ರದ ಪ್ರತಿ ವಕೀಲನ ಕೈಗೆ ಬಂತು. ಇನ್ನೊಂದು ಸಂಗತಿಯೂ ತಿಳಿಯಿತು. ಆಪರೇಷನ್ನಿನ ಖರ್ಚು ಕೊಟ್ಟವನು ಬದುಕಿದ್ದ ಆ ಪಾಲುದಾರ.

ವಕೀಲ ಸತ್ತವನ ಮಗಳನ್ನು ಕರೆದು ಎಲ್ಲವನ್ನೂ ಹೇಳಿದ.

“ಇದನ್ನು ಮುಂದಿಟ್ಟರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಆದರೆ ಧರಣಪ್ಪ ಅವರೇ ನಿಜ ಹೇಳುತ್ತಾರೇನೋ ಎಂದು ಮೊದಲು ಕಾದು ನೋಡಬೇಕು ಅನ್ನಿಸುತ್ತಿದೆ. ಕಾದರೆ ಬೇರೆ ಸುಳ್ಳು ಹುಡುಕಿಕೊಳ್ಳಲು ಅವರಿಗೆ ಸಮಯ ಸಿಗಬಹುದು. ಹಾಗಾದರೆ ನಷ್ಟ ನಿಮ್ಮದು, ನನ್ನದಲ್ಲ. ಅದಕ್ಕೇ ಕೇಳುತ್ತಿದ್ದೇನೆ.”

ಮಗಳು ಆ ಒಪ್ಪಿಗೆ ಪತ್ರದ ಪ್ರತಿಯನ್ನು ಓದಿ ಮೇಜಿನ ಮೇಲಿಟ್ಟಳು.

“ಚಿಕ್ಕವಳಿದ್ದಾಗ ಧರಣಪ್ಪ ಮಾಮ ನನ್ನನ್ನು ಟೈಪ್‌ರೈಟರ್ ಮುಂದೆ ಕೂರಿಸಿ ನನ್ನ ಹೆಸರು ಹೊಡೆಸುತ್ತಿದ್ದರು,” ಎಂದಳು. “ಕಾಯಿರಿ ಸರ್.”

ಧರಣಪ್ಪ ಕಟಕಟೆಗೆ ಬಂದ ದಿನ ವಕೀಲ ಎದ್ದು ನಿಂತು, “ಮನೆಯವರ ಆರೋಗ್ಯ ಈಗ ಹೇಗಿದೆ?” ಎಂದು ಕೇಳಿದ.

“ಪರವಾಗಿಲ್ಲ ಸ್ವಾಮಿ. ಮನೆಯೊಳಗೆ ಓಡಾಡುತ್ತಾಳೆ.”

“ಆಪರೇಷನ್ ಆದ ದಿನ ಜೊತೆಗೆ ಯಾರಿದ್ದರು?”

“ನಾನೇ ಇದ್ದೆ. ನಮಗೆ ಮಕ್ಕಳಿಲ್ಲ. ಬೆಳಗಿನಿಂದ ಸಂಜೆಯವರೆಗೂ ಬಾಗಿಲ ಹೊರಗೆ ನಿಂತೇ ಇದ್ದೆ.”

ಅದು ಯಾವ ದಿನ ಎಂದು ಕೇಳುವುದೊಂದೇ ಉಳಿದಿತ್ತು. ವಕೀಲ ಅದನ್ನು ಕೇಳಲಿಲ್ಲ. ಫೈಲನ್ನೂ ತೆರೆಯಲಿಲ್ಲ. ಸುಮ್ಮನೆ ನಿಂತ. “ಮುಂದೆ ಕೇಳಿ,” ಎಂದರು ನ್ಯಾಯಾಧೀಶರು. “ಒಂದು ನಿಮಿಷ ಕೊಡಿ ಸ್ವಾಮಿ,” ಎಂದ ವಕೀಲ.

ತಾನು ಏನು ಹೇಳಿದೆ ಎಂಬುದು ಧರಣಪ್ಪನಿಗೆ ಆಗ ಹೊಳೆಯಿತು. ವಕೀಲನನ್ನು ನೋಡಿದ. ಕೆಳಗೆ ಕುಳಿತಿದ್ದ, ತೀರಿಕೊಂಡ ಯಜಮಾನನ ಮಗಳನ್ನು ನೋಡಿದ. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ ಕೈ ಮುಗಿದ.

“ಸ್ವಾಮಿ, ಪತ್ರದಲ್ಲಿರುವ ದಿನವೂ ಅದೇ. ನಾನು ಆಸ್ಪತ್ರೆಯಲ್ಲಿದ್ದೆ. ಯಜಮಾನರು ಸಹಿ ಮಾಡಿದ್ದನ್ನು ನಾನು ನೋಡಿಲ್ಲ. ನನ್ನ ಹೆಂಡತಿಯ ಜೀವ ಉಳಿಸಿದವರು ಬಂದು ಕೇಳಿದರು. ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.”

ಕೋರ್ಟಿನಲ್ಲಿ ಯಾರೂ ನಗಲಿಲ್ಲ.

ತಪ್ಪನ್ನು ತಾನಾಗಿ ಒಪ್ಪಿಕೊಂಡನೆಂದು ನ್ಯಾಯಾಧೀಶರು ಅವನ ಮೇಲೆ ಬೇರೆ ಕ್ರಮ ಕೈಗೊಳ್ಳಲಿಲ್ಲ. ಷೇರುಗಳು ಮಗಳಿಗೆ ಬಂದವು. ಪಾಲುದಾರ ಮತ್ತೆ ಧರಣಪ್ಪನ ಮುಖ ನೋಡಲಿಲ್ಲ. ಧರಣಪ್ಪ ಕಂಪನಿ ಬಿಟ್ಟು, ಬಾಡಿಗೆಯ ಕೋಣೆಯೊಂದರಲ್ಲಿ ನಾಲ್ಕಾರು ಜನರಿಗೆ ಟೈಪಿಂಗ್ ಹೇಳಿಕೊಡುತ್ತ ಬದುಕಿದ. ಕಷ್ಟದ ಬದುಕೇ. ಆದರೆ ಕೇಳಿದವರಿಗೆಲ್ಲ ಹೇಳುತ್ತಿದ್ದ, “ಅಂದು ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ನಾನಾಗೇ ನಿಜ ಹೇಳಿದೆ.”

ಒಂದು ಮದುವೆಯಲ್ಲಿ ಅವನು ವಕೀಲನ ಪಕ್ಕದಲ್ಲೇ ಕುಳಿತು ಅದೇ ಮಾತು ಹೇಳಿದ. ಹೆಂಡತಿಯೂ ಜೊತೆಗಿದ್ದಳು. ವಕೀಲ ಆಸ್ಪತ್ರೆಯ ಕಾಗದದ ಮಾತು ಎತ್ತಲಿಲ್ಲ.

“ಹೌದಮ್ಮ, ಇವರೇ ಹೇಳಿದರು. ನಾನು ಅಲ್ಲೇ ಇದ್ದೆ,” ಎಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಕಾಗದ ಮುಂದಿಟ್ಟಿದ್ದರೂ ಹೊರಗೆ ಬರುತ್ತಿದ್ದದ್ದು ಅದೇ ನಿಜವಲ್ಲವೇ ಗುರುಗಳೇ? ಯಾರು ಹೇಳಿದರೇನು?” ಎಂದ.

“ನಿಜಕ್ಕೇನೂ ವ್ಯತ್ಯಾಸವಿಲ್ಲಪ್ಪ,” ಎಂದರು ಗುರುಗಳು, “ಆದರೆ ಅಂದು ಸಂಜೆ ಮನೆಗೆ ಹೋಗಿ ಹೆಂಡತಿಯ ಎದುರು ಊಟಕ್ಕೆ ಕೂರಬೇಕಾಗಿದ್ದವನು ಧರಣಪ್ಪ.”