ಅರ್ಧ ತೀರ್ಪು ಕೇಳಿ ಓಡಿದ ಊರು

ಸುಣ್ಣದಪೇಟೆಯಲ್ಲಿ ಗಜೇಂದ್ರರಾಯ ಎಂಬ ಕೊತ್ವಾಲನಿದ್ದ. ಕೊತ್ವಾಲ ಎಂದರೆ ಊರು ಕಾಯುವ ಅಧಿಕಾರಿ ಮಕ್ಕಳೇ, ನಮ್ಮ ಕಾಲದ ಪೊಲೀಸ್ ಸಾಹೇಬರಿದ್ದ ಹಾಗೆ. ಕಳ್ಳಕಾಕರನ್ನು ಹದ್ದುಬಸ್ತಿನಲ್ಲಿಡಲಿ ಎಂದು ಅರಸರು ಅವನ ಕೈಗೆ ಒಂದು ಬೆತ್ತ ಕೊಟ್ಟಿದ್ದರು. ಅವನು ಕಳ್ಳರನ್ನು ಬಿಟ್ಟು ಉಳಿದೆಲ್ಲರ ಮೇಲೂ ಅದನ್ನು ಬೀಸುತ್ತಿದ್ದ.

ಒಂದು ಸಂತೆಯ ದಿನ ಸಾಣೆ ಹಿಡಿಯುವ ಹುಸೇನಪ್ಪ ಪೇಟೆಯ ಬೀದಿಯಲ್ಲಿ ಕೂತು ಯಾರದೋ ಕುಡುಗೋಲು ಮಸೆಯುತ್ತಿದ್ದ. ಹಿಂದಿನಿಂದ ಕೊತ್ವಾಲನ ಕುದುರೆ ಬಂತು. ಸಾಣೆಚಕ್ರದ ಸದ್ದಿನಲ್ಲಿ ಹುಸೇನಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಮಾಡಿದ ತಪ್ಪು ಇಷ್ಟೇ. ಕೊತ್ವಾಲ ಕುದುರೆಯಿಂದ ಇಳಿದು ಹೊಡೆದ. ಕೆಳಗೆ ಬಿದ್ದ ಮೇಲೂ ಹೊಡೆದ. ಸಂಜೆಯೊಳಗೆ ಹುಸೇನಪ್ಪ ತೀರಿಕೊಂಡ. "ಕುಡಿದು ಮೆಟ್ಟಿಲ ಮೇಲಿಂದ ಬಿದ್ದು ಸತ್ತ" ಎಂದು ಕೊತ್ವಾಲ ಕಾಗದದಲ್ಲಿ ಬರೆಸಿದ. ಹುಸೇನಪ್ಪ ಹೆಂಡವನ್ನು ಮೂಸಿಯೂ ನೋಡಿದವನಲ್ಲ.

ಅವನ ಹೆಂಡತಿ ಫಕೀರವ್ವ ನ್ಯಾಯಾಧಿಕಾರಿ ನಾಗರಸರಿಗೆ ದೂರು ಕೊಟ್ಟಳು. ವಿಚಾರಣೆ ಶುರುವಾಯಿತು. ಆ ನಾಡಿನಲ್ಲಿ ಸಾಕ್ಷಿ ಹೇಳುವವರು ಆರೋಪಿಯ ಎದುರಿಗೆ ನಿಂತು, ಅವನ ಮುಖ ನೋಡಿಕೊಂಡೇ ಹೇಳಬೇಕು. ಕೊತ್ವಾಲನ ಮುಖ ನೋಡುವುದೆಂದರೆ ಸುಮ್ಮನೆ ಮಾತಲ್ಲ. ಹಾಡಹಗಲೇ ಕೊಲೆಯನ್ನು ನೋಡಿದ ಪೇಟೆಗೆ ಪೇಟೆಯೇ ಕುರುಡಾಗಿಬಿಟ್ಟಿತು. ಒಬ್ಬನಿಗೆ ಆವತ್ತು ಜ್ವರ. ಒಬ್ಬ ಮಾವನ ಮನೆಗೆ ಹೋಗಿದ್ದ. ಇನ್ನೊಬ್ಬನ ಕಣ್ಣಿಗೆ ಸರಿಯಾಗಿ ಅದೇ ಗಳಿಗೆಯಲ್ಲಿ ಧೂಳು ಬಿದ್ದಿತ್ತು. ಒಂದೇ ದಿನ ಊರಿಗೆಲ್ಲ ಇಷ್ಟೊಂದು ತೊಂದರೆ ಬಂದಿತ್ತೇ ಎಂದು ನಾಗರಸರು ಮರುಗಿದರು.

ಬಂದವಳು ರೊಟ್ಟಿ ಮಾರುವ ಸಾತವ್ವ ಒಬ್ಬಳೇ. ಕೊತ್ವಾಲನ ಎದುರು ನಿಂತು, ಅವನ ಮುಖ ನೋಡುತ್ತಲೇ ಹೇಳಿದಳು.

"ನಾ ಕಂಡೇನ್ರಿ. ನನ್ನ ರೊಟ್ಟಿ ಬುಟ್ಟಿ ಮುಂದನ ಬಿದ್ದಿದ್ದಾ ಹುಸೇನಪ್ಪ. ನೀರು ಕುಡಸಾಕ ಹ್ವಾದ್ರ ನನಗೂ ಬೆತ್ತ ಎತ್ತಿದ್ರು ಇವ್ರು."

ಮೂರು ತಿಂಗಳ ಮೇಲೆ ತೀರ್ಪಿನ ದಿನ ಬಂತು. ಬೆಳಿಗ್ಗೆಯೇ ನ್ಯಾಯಸ್ಥಾನದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ನಾಗರಸರು ಓದಿದರು: "ಹುಸೇನಪ್ಪನನ್ನು ಹೊಡೆದು ಕೊಂದವನು ಕೊತ್ವಾಲ ಗಜೇಂದ್ರರಾಯನೇ. ಅವನು ಅಪರಾಧಿ."

ಅಷ್ಟು ಸಾಕಾಯಿತು. ಊರು ಹೋ ಎಂದು ಕೂಗಿತು. ಪೇಟಗಳು ಮೇಲೆ ಹಾರಿದವು. ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟವರು ತಬ್ಬಿಕೊಂಡರು. ಡೊಳ್ಳಿನವರು ಮುಂದೆ, ಜನ ಹಿಂದೆ, ಎಲ್ಲರೂ ಕುಣಿಯುತ್ತ ಪೇಟೆಯ ಕಡೆ ಓಡಿದರು. ನನಗೆ ಆ ಸಂತೋಷದ ಮೇಲೆ ಸಿಟ್ಟಿಲ್ಲ. ಎಷ್ಟು ವರ್ಷ ತಲೆ ತಗ್ಗಿಸಿ ನಡೆದ ಜನ ಅವರು! ಆದರೆ ತೀರ್ಪು ಇನ್ನೂ ಮುಗಿದಿರಲಿಲ್ಲ. ಉಳಿದದ್ದನ್ನು ನಾಗರಸರು ಸಾತವ್ವ, ಫಕೀರವ್ವ ಮತ್ತು ಕೊತ್ವಾಲನಿಗೆ ಮಾತ್ರ ಓದಿ ಹೇಳಬೇಕಾಯಿತು.

"ಅರಸರ ಅಧಿಕಾರಿಗೆ ಕೊಲೆಯ ಶಿಕ್ಷೆ ಆಗಬೇಕಾದರೆ ಕಣ್ಣಾರೆ ಕಂಡವರು ಇಬ್ಬರು ಬೇಕೆಂಬುದು ನಾಡಿನ ಕಟ್ಟಳೆ. ಇರುವವಳು ಒಬ್ಬಳು. ಇಂದು ಹೊತ್ತು ಮುಳುಗುವುದರೊಳಗೆ ಇನ್ನೊಬ್ಬರು ಬರದಿದ್ದರೆ ಇವನನ್ನು ಬಿಟ್ಟು ಬೆತ್ತವನ್ನು ಮರಳಿ ಕೊಡಬೇಕಾಗುತ್ತದೆ."

ಕೊತ್ವಾಲ ಮೀಸೆ ತಿರುವಿ ನಕ್ಕ. "ನಾಳೆ ರೊಟ್ಟಿ ತಗೊಳ್ಳಾಕ ನಾನ ಬರ್ತೀನಿ, ಸಾತವ್ವ. ಬುಟ್ಟಿ ಇಟ್ಕೊಂಡು ಕುಂತಿರು."

ಅತ್ತ ಪೇಟೆಯಲ್ಲಿ ದೊಡ್ಡ ಕೊಪ್ಪರಿಗೆಯ ತುಂಬ ಮಾದಲಿ ಸಿದ್ಧವಾಗಿತ್ತು. ಗೋಧಿ, ಬೆಲ್ಲ, ಏಲಕ್ಕಿ, ತುಪ್ಪದ ಘಮ ಬೀದಿಯ ಕೊನೆಯವರೆಗೂ ಹಬ್ಬಿತ್ತು. ಆ ಊರಿನಲ್ಲಿ ಒಂದು ಚಂದದ ಪದ್ಧತಿ. ಊರಿಗೆ ಒಳ್ಳೆಯದಾದ ದಿನ ಮಾದಲಿ ಹಂಚುತ್ತಾರೆ. ತಗೊಳ್ಳುವವರು ಕಟ್ಟೆ ಹತ್ತಿ, ಆ ಒಳ್ಳೆಯದರಲ್ಲಿ ತಮ್ಮ ಪಾಲು ಏನು ಎಂದು ಕೂಗಿ ಹೇಳಬೇಕು. ಬಾವಿ ತೋಡಿದ ವರ್ಷ ಒಬ್ಬ ಮುದುಕ "ನಾನು ನೆರಳಿನಾಗ ಕುಂತು ಬುದ್ಧಿ ಹೇಳಿದೆ" ಎಂದು ಎಲ್ಲರನ್ನೂ ನಗಿಸಿದ್ದ. ಅವನಿಗೂ ಮಾದಲಿ ಸಿಕ್ಕಿತ್ತು.

ಈ ಸಲ ಮೊದಲು ಕಟ್ಟೆ ಹತ್ತಿದವನು ಗಾಣದ ವಿರೂಪಣ್ಣ. ಊರಿಗೆ ಎಣ್ಣೆ ಕೊಡುವವನು, ಹೊಟ್ಟೆಯೂ ಧ್ವನಿಯೂ ದೊಡ್ಡವು.

"ನಾ ಮಾಳಿಗಿ ಕಿಟಕ್ಯಾಗಿಂದ ಎಲ್ಲಾ ಕಂಡೆ! 'ಏ ಕೊತ್ವಾಲಾ, ಕೈ ಇಳಸ!' ಅಂತ ಒದರಿದೆ! ನನ್ನ ಧ್ವನಿಗೆ ಕುದುರಿ ಸೈತ ಬೆದರಿತು!"

ಜನ ಚಪ್ಪಾಳೆ ತಟ್ಟಿದರು. ಎರಡು ಬೊಗಸೆ ಮಾದಲಿ ಸಿಕ್ಕಿತು. ಅದನ್ನು ನೋಡಿದ ಮೇಲೆ ಉಳಿದವರು ಬಿಡುತ್ತಾರೆಯೇ? ಬಣ್ಣದಂಗಡಿಯ ರಾಚಪ್ಪ ತಾನೇ ಓಡಿ ಹೋಗಿ ಬೆತ್ತ ಹಿಡಿದುಕೊಂಡೆ ಎಂದ. ಅವನ ಹಿಂದಿನವನೂ ಹಿಡಿದಿದ್ದನಂತೆ. ಅವನ ಹಿಂದಿನವನೂ. ಹೀಗೆ ಹದಿನೆಂಟು ಜನ ಹಿಡಿದುಕೊಂಡಿದ್ದ ಬೆತ್ತದಲ್ಲಿ ಕೊತ್ವಾಲನ ಕೈಗೆ ಎಲ್ಲಿ ಜಾಗ ಸಿಕ್ಕಿತ್ತೋ ದೇವರೇ ಬಲ್ಲ.

ಆಗ ಸಾತವ್ವ ಬಂದಳು. ಜನ ಜೈಕಾರ ಹಾಕಿ ಅವಳನ್ನು ಕಟ್ಟೆ ಹತ್ತಿಸಿದರು. ಅವಳು ಮಾದಲಿಯನ್ನು ಮುಟ್ಟಲಿಲ್ಲ.

"ಎಪ್ಪಗಳಿರಾ, ನೀವು ಅರ್ಧ ತೀರ್ಪು ಕೇಳಿ ಓಡಿ ಬಂದೀರಿ. ಉಳಿದರ್ಧ ನನ್ನ ಕೊರಳಿಗೆ ಬಂದೈತಿ" ಎಂದು ನಡೆದದ್ದನ್ನೆಲ್ಲ ಹೇಳಿದಳು. "ಇಲ್ಲಿ ಕಂಡಾವ್ರು ಇಷ್ಟು ಮಂದಿ ಅದೀರಿ. ನನಗ ಒಬ್ರು ಬೇಕು. ಹೊತ್ತು ಮುಳುಗೂದ್ರಾಗ ಒಬ್ರು ಬರ್ರಿ."

ಡೊಳ್ಳು ನಿಂತಿತು. ಬಾಯಲ್ಲಿ ಮಾದಲಿ ಇದ್ದವರಿಗೆ ಉಗುಳಲೂ ಆಗದು, ನುಂಗಲೂ ಆಗದು. ಎಲ್ಲರೂ ತಮ್ಮ ತಮ್ಮ ಕಾಲ್ಬೆರಳನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತ ನಿಂತರು.

ವಿರೂಪಣ್ಣನ ಹೆಂಡತಿ ನೀಲವ್ವ ಗಂಡನ ಮಗ್ಗುಲಿಗೆ ಬಂದಳು. "ಹೋಗ್ರಿ. ಕುದುರಿ ಬೆದರಿಸಿದ ಧ್ವನಿ ಅಲ್ಲೇನು? ನಾಗರಸರಿಗೂ ಒಂದೀಟು ಕೇಳಸ್ರಿ."

"ಏ, ಸುಮ್ನಿರ. ನಾ ಎಲ್ಲಿ ಒದರೇನಿ? ಹೆದರಿ ಕಿಟಕಿ ಹಾಕ್ಕೊಂಡೇನಿ" ಎಂದ ಅವನು ಪಿಸುಮಾತಿನಲ್ಲಿ.

"ಹಾಕ್ಕೊಳ್ಳೂಕಿಂತ ಮೊದಲು ಕಂಡೀರಿಲ್ಲೋ?"

"ಕಂಡೇನಿ."

"ಹಂಗಾರ ಅದನ್ನ ಹೇಳ್ರಿ. ಸಾತವ್ವ ಕೇಳಾಕತ್ತಿದ್ದು ಅದನ್ನ."

ವಿರೂಪಣ್ಣ ಹೆಂಡತಿಯ ಮುಖ ನೋಡಿದ. ಸಾತವ್ವನ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಮಾದಲಿಯನ್ನು ಕೊಪ್ಪರಿಗೆಗೆ ಮರಳಿ ಹಾಕಿ ನ್ಯಾಯಸ್ಥಾನದ ದಾರಿ ಹಿಡಿದ. ಊರು ಸದ್ದಿಲ್ಲದೆ ಅವನ ಹಿಂದೆ ಹೊರಟಿತು.

ಬಿಸಿಲು ಅಂಗಳ ಬಿಟ್ಟು ಗೋಡೆಯ ತುದಿಗೆ ಏರಿತ್ತು. ಕೊತ್ವಾಲ ಕಣ್ಣು ಕೆಕ್ಕರಿಸಿದ. ವಿರೂಪಣ್ಣ ಅವನ ಎದುರಿಗೇ ಹೋಗಿ ನಿಂತ. ಆ ದೊಡ್ಡ ಧ್ವನಿ ಎಲ್ಲಿ ಹೋಯಿತೋ, ಸಣ್ಣದಾಗಿ ಮಾತು ಹೊರಟಿತು.

"ನಾ ಒದರಿದೆ ಅಂತ ಊರ ಮುಂದ ಹೇಳಿದ್ದು ಸುಳ್ಳರಿ. ಹೆದರಿ ಕಿಟಕಿ ಹಾಕ್ಕೊಂಡೆ. ಆದ್ರ ಹಾಕೋ ಮೊದಲು ಕಂಡೆ. ಹುಸೇನಪ್ಪ ನೆಲದ ಮ್ಯಾಲ ಬಿದ್ದು ಎರಡೂ ಕೈ ಮುಗಿದಿದ್ದಾ. ಇವ್ರು ಹೊಡಿಯಾಕತ್ತಿದ್ರು." ಇಷ್ಟು ಹೇಳಿ ಅವನು ಮಗುವಿನ ಹಾಗೆ ಅತ್ತುಬಿಟ್ಟ.

ನಾಗರಸರು ಮೆಲ್ಲಗೆ ಹೇಳಿದರು, "ಹೊಟ್ಟು ಹಾರಿಹೋಯಿತು, ಕಾಳು ಉಳಿಯಿತು. ನನಗೆ ಕಾಳು ಸಾಕು."

ಅಷ್ಟರಲ್ಲಿ ರಾಚಪ್ಪ ನುಗ್ಗಿ ಬಂದ. "ಬುದ್ಧೀ, ನಾನೂ ಬೆತ್ತ ಹಿಡಿದಿಲ್ಲ. ಬಾಗಿಲ ಸಂದ್ಯಾಗಿಂದ ಕಂಡೇನಿ. ಬರಕೋರಿ." ಅವನ ಹಿಂದೆ ಜ್ವರ ಬಂದಿದ್ದವನು, ಮಾವನ ಮನೆಗೆ ಹೋಗಿದ್ದವನು, ಕಣ್ಣಿಗೆ ಧೂಳು ಬಿದ್ದವನು. ಹೊತ್ತು ಮುಳುಗುವಾಗಲೂ ಸಾಲು ಬಾಗಿಲಾಚೆ ಇತ್ತು. "ಸಾಕ್ರಪ್ಪಾ, ಕಟ್ಟಳೆ ಕೇಳಿದ್ದು ಇಬ್ಬರನ್ನು!" ಎಂದು ನಾಗರಸರು ಕೈ ಮುಗಿದು ನಕ್ಕರು. ಗಜೇಂದ್ರರಾಯನನ್ನು ಸೆರೆಮನೆಗೆ ಕರೆದೊಯ್ದರು, ಬೆತ್ತ ಮರಳಿ ಅವನ ಕೈ ಸೇರಲಿಲ್ಲ. ಈಗ ನೆಲ ನೋಡುವ ಸರದಿ ಅವನದಾಗಿತ್ತು.

ವಿರೂಪಣ್ಣ ಫಕೀರವ್ವನ ಮುಂದೆ ತಲೆ ತಗ್ಗಿಸಿ ನಿಂತ. ಅವಳು ಕಣ್ಣೊರೆಸಿಕೊಂಡು ಹೇಳಿದಳು, "ಆವತ್ತ ಒದರಿದ್ರ ನನ್ನ ಗಂಡ ಉಳೀತಿದ್ನೋ ಏನೋ, ಅದು ನನ್ನ ಹೊಟ್ಯಾಗ ಉರೀತೈತಣ್ಣ. ಆದ್ರ ಇವತ್ತ ಬಂದ್ರಿ. ಅದೂ ಖರೇನ."

ಮತ್ತೆ ಡೊಳ್ಳು ಎದ್ದಿತು ನೋಡಿ! ಬೆಳಗಿನ ಕುಣಿತ ಕುಣಿತವೇ ಅಲ್ಲ ಎನ್ನುವ ಹಾಗೆ ಊರು ಕುಣಿಯಿತು. ಸಾತವ್ವ ಅಳುತ್ತ ನಗುತ್ತ ಮಾದಲಿ ತಿಂದಳು. ಆವತ್ತು ಎದೆ ಒಂದಿಷ್ಟಾದರೂ ಹಗುರಾಗದವರು ಊರಿನಲ್ಲಿ ಯಾರೂ ಇರಲಿಲ್ಲ.

ಎಂಟು ದಿನಕ್ಕೆ ಹೊಸ ಕೊತ್ವಾಲ ಬಂದ. ಬಂದ ಮೊದಲ ಸಂತೆಯಲ್ಲೇ ದಾರಿಗೆ ಅಡ್ಡ ನಿಂತ ಒಬ್ಬ ಹಮಾಲನ ಮೇಲೆ ಬೆತ್ತ ಎತ್ತಿದ. ಎತ್ತಿದವನು ಸುತ್ತ ನೋಡಿದ. ಅಂಗಡಿಗಳಿಂದ ಜನ ಹೊರಗೆ ಬಂದು ನಿಂತಿದ್ದರು. ಯಾರೂ ಬೈಯಲಿಲ್ಲ, ಕಲ್ಲೆತ್ತಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಮುಂದೆ ವಿರೂಪಣ್ಣ.

ಹೊಸ ಕೊತ್ವಾಲ ಬೆತ್ತ ಇಳಿಸಿ, "ಒಂಚೂರು ದಾರಿ ಬಿಡಪ್ಪಾ" ಎಂದ.

ನೀತಿ: ನ್ಯಾಯ ಗೆದ್ದ ದಿನ ಕುಣಿಯುವುದು ಸುಲಭ, ಕುಣಿಯಲೂ ಬೇಕು. ಆದರೆ ಆ ನ್ಯಾಯ ನಿಲ್ಲುವುದು ಕಂಡದ್ದನ್ನು ಕಂಡ ಹಾಗೆ ಹೇಳುವ ಜನರಿಂದ. ಹೆದರಿದ್ದು ಪಾಪವಲ್ಲ, ಹೆದರಿ ಕೊನೆಯವರೆಗೂ ಬಾಯಿ ಮುಚ್ಚಿಕೊಂಡರೆ ಪಾಪ. ತಡವಾಗಿ ಹೇಳಿದ ನಿಜವೂ ಒಬ್ಬರ ಜೀವ ಉಳಿಸುತ್ತದೆ.